ಒಲೆ ಕೆಟ್ಟಾಗ ಯಾರ ಕೈ?

ಸಂಜೆ ಏಳು ಗಂಟೆ. ಮನೆಗೆ ನೆಂಟರು ಬಂದಿದ್ದಾರೆ. ಗ್ಯಾಸ್ ಒಲೆಯ ಒಂದು ಬರ್ನರ್ ನೀಲಿಯಾಗಿ ಉರಿಯುವ ಬದಲು ಹಳದಿಯಾಗಿ ಉರಿದು ಪಾತ್ರೆಯ ತಳಕ್ಕೆ ಮಸಿ ಹಿಡಿಸುತ್ತಿದೆ. ಇನ್ನೊಂದರ ನಾಬ್ ತಿರುಗುವುದೇ ಇಲ್ಲ. ‘ಸ್ಕ್ರೂ ಡ್ರೈವರ್ ಎಲ್ಲಿದೆ? ಐದು ನಿಮಿಷದ ಕೆಲಸ, ನಾನೇ ಬಿಚ್ಚಿ ನೋಡ್ತೀನಿ’ ಎನ್ನುತ್ತಾರೆ ಮನೆಯ ಯಜಮಾನರು. ‘ಬೇಡ ರೀ, ನಾಳೆ ಏಜೆನ್ಸಿಗೆ ಫೋನ್ ಮಾಡಿದರಾಯ್ತು. ಇವತ್ತಿಗೆ ಹೋಟೆಲಿನಿಂದ ಏನಾದರೂ ತಂದುಬಿಡಿ’ ಎನ್ನುತ್ತಾರೆ ಮನೆಯಾಕೆ. ಒಳಕೋಣೆಯಿಂದ ಅಜ್ಜಿ, ‘ನಮ್ಮ ಕಾಲದಲ್ಲಿ ಒಲೆ ಕೆಟ್ಟರೆ ಯಾರನ್ನೂ ಕರೀತಿರಲಿಲ್ಲ’ ಎಂದು ತಮ್ಮ ಮಾತನ್ನೂ ಸೇರಿಸುತ್ತಾರೆ.

ಮೂವರ ಮಾತಿನಲ್ಲೂ ಒಂದಿಷ್ಟು ಸತ್ಯವಿದೆ. ಕೆಟ್ಟ ಒಲೆಯನ್ನು ಮನೆಯವರೇ ಸರಿಪಡಿಸಿಕೊಳ್ಳಬೇಕೇ, ಕಸುಬು ಬಲ್ಲವರನ್ನು ಕರೆಯಬೇಕೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಐವತ್ತು ನೂರು ರೂಪಾಯಿಯ ಲೆಕ್ಕಾಚಾರದಂತೆ ಕಾಣುತ್ತದೆ. ಆದರೆ ಅದರ ಹಿಂದೆ ಅಡುಗೆಮನೆಯ ಒಂದು ಶತಮಾನದ ಚರಿತ್ರೆಯಿದೆ. ಆ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೆ ಉತ್ತರವೂ ಅಲ್ಲೇ ಸಿಗುತ್ತದೆ.

ಅಜ್ಜಿಯ ಮಾತಿನಿಂದಲೇ ಆರಂಭಿಸೋಣ. ಮಣ್ಣಿನ ಒಲೆಗೆ ರಿಪೇರಿಯವನೆಂಬ ಬೇರೆ ಮನುಷ್ಯನಿರಲಿಲ್ಲ. ಒಲೆ ಹಾಕಿದವರೂ ಅದನ್ನು ಉರಿಸಿದವರೂ ಬಿರುಕು ಬಿಟ್ಟಾಗ ಮಣ್ಣು ಮೆತ್ತಿದವರೂ ಒಬ್ಬರೇ. ದಿನವೂ ಬೂದಿ ತೆಗೆದು ಸಾರಿಸುವಾಗಲೇ ಒಲೆಯ ತಪಾಸಣೆಯೂ ಮುಗಿಯುತ್ತಿತ್ತು. ಅಂಥ ಒಲೆಯಲ್ಲಿ ಆಗಬಹುದಾದ ತಪ್ಪೆಂದರೆ ಹೊಗೆ ಹೆಚ್ಚುವುದು, ಸೌದೆ ಹೆಚ್ಚು ಸುಡುವುದು. ಕಣ್ಣಿಗೂ ಶ್ವಾಸಕೋಶಕ್ಕೂ ಅದರಿಂದಾದ ಹಾನಿ ಕಡಿಮೆಯೇನಲ್ಲ. ಆದರೆ ಒಲೆ ಕಟ್ಟಿದ ಕೈಯ ತಪ್ಪಿನಿಂದ ಮನೆಯ ಗೋಡೆ ಹಾರಿಹೋಗುವ ಭಯವಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಮುಂದೆ ಕಡಿಮೆ ಸೌದೆಯ ‘ಅಸ್ತ್ರ ಒಲೆ’ಯನ್ನು ರೂಪಿಸಿದಾಗ, ಅದನ್ನು ಕಟ್ಟಲು ತರಬೇತಿ ಪಡೆದವರು ಬೇಕಾದರು. ಒಲೆಯ ಬಾಯಿ, ಒಳಗಿನ ಗಾಳಿದಾರಿ, ಹೊಗೆ ಕೊಳವೆ ಇವುಗಳ ಅಳತೆ ತಪ್ಪಿದರೆ ಅದು ಅಸ್ತ್ರ ಒಲೆಯಾಗಿ ಉಳಿಯುತ್ತಿರಲಿಲ್ಲ. ಮಣ್ಣಿನ ಒಲೆಗೂ ಅಳತೆಯ ಲೆಕ್ಕ ಬಂದ ದಿನ ಬೇರೊಬ್ಬರ ಕೈ ಅಡುಗೆಮನೆಗೆ ಕಾಲಿಟ್ಟಿತು ಎನ್ನಬಹುದು.

ಪೇಟೆಯ ಮನೆಗಳಿಗೆ ಅದಕ್ಕೂ ಮೊದಲೇ ಸೀಮೆಎಣ್ಣೆ ಸ್ಟೌವ್ ಬಂದಿತ್ತು. ಗಾಳಿ ತುಂಬಿ ಉರಿಸುವ ಪ್ರೈಮಸ್ ಸ್ಟೌವನ್ನು ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರ ಸುಮಾರಿಗೆ ತಯಾರಿಸಿದ. ಹಿತ್ತಾಳೆಯ ಹೊಟ್ಟೆ, ಮೂರು ಕಾಲು, ಪಕ್ಕದಲ್ಲಿ ಪಂಪು. ನಮ್ಮ ಊರುಗಳಲ್ಲಿ ಅದು ‘ಪಂಪ್ ಸ್ಟೌವ್’ ಎಂದೇ ಹೆಸರಾಯಿತು. ಅದು ದಿನಕ್ಕೊಮ್ಮೆ ಹಟ ಹಿಡಿಯುತ್ತಿತ್ತು. ನಿಪ್ಪಲ್ಲಿನ ಸೂಕ್ಷ್ಮ ರಂಧ್ರ ಮಸಿಯಿಂದ ಕಟ್ಟಿಕೊಳ್ಳುತ್ತಿತ್ತು. ಪಂಪಿನ ಚರ್ಮದ ವಾಷರ್ ಒಣಗಿ ಗಾಳಿ ಹಿಡಿಯುತ್ತಿರಲಿಲ್ಲ. ಇದಕ್ಕೆಲ್ಲ ಮನೆಯಲ್ಲೇ ಔಷಧಿ ಇತ್ತು. ತಗಡಿನ ಪಟ್ಟಿಗೆ ಸಿಕ್ಕಿಸಿದ ತೆಳು ತಂತಿಯ ಸ್ಟೌವ್ ಪಿನ್ನು ಪ್ರತಿ ಅಡುಗೆಮನೆಯ ಗೂಡಿನಲ್ಲಿ ಇರಲೇಬೇಕಾದ ಸಾಮಾನು. ವಾಷರಿಗೆ ಎರಡು ಹನಿ ಎಣ್ಣೆ ಬಿಟ್ಟರೆ ಅದು ಮತ್ತೆ ಜೀವ ತಳೆಯುತ್ತಿತ್ತು. ಹತ್ತು ವರ್ಷದ ಹುಡುಗನೂ ಸ್ಟೌವ್ ಬಿಚ್ಚಿ ಜೋಡಿಸುವುದನ್ನು ಕಲಿತಿರುತ್ತಿದ್ದ. ಮೀರಿದ ಕೆಲಸಕ್ಕೆ ಬೀದಿಯಲ್ಲಿ ಕೂಗಿಕೊಂಡು ಬರುವ ರಿಪೇರಿಯವನಿದ್ದ.

ಸೀಮೆಎಣ್ಣೆ ಸ್ಟೌವ್ ಸಾಧುವಾಗಿತ್ತೆಂದು ಇದರ ಅರ್ಥವಲ್ಲ. ಅದು ಸಿಡಿದು ಸೀರೆಗೆ ಬೆಂಕಿ ಹತ್ತಿದ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇದ್ದವು. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸೀಮೆಎಣ್ಣೆ ಸೋರಿದರೆ ನೆಲ ಒದ್ದೆಯಾಗುತ್ತದೆ, ಕಣ್ಣಿಗೆ ಕಾಣುತ್ತದೆ, ಬಟ್ಟೆಯಿಂದ ಒರೆಸಬಹುದು. ಎಣ್ಣೆ ಎಲ್ಲಿದೆಯೋ ಬೆಂಕಿಯೂ ಬಹುಮಟ್ಟಿಗೆ ಅಲ್ಲೇ ಇರುತ್ತದೆ. ಮಾಡಿದ ತಪ್ಪು ಮಾಡಿದವರ ಕಣ್ಣೆದುರಿಗೇ ಇರುತ್ತದೆ.

ಈ ಪಿನ್ನು ಹಿಡಿದ ಕೈಗೆ ಗ್ಯಾಸ್ ಒಲೆ ಬಂತು. ಅಡುಗೆ ಅನಿಲದ ಮಾರಾಟ ಭಾರತದಲ್ಲಿ 1955ರಲ್ಲಿ ಮುಂಬಯಿಯಲ್ಲಿ ‘ಬರ್ಶೇನ್’ ಹೆಸರಿನಲ್ಲಿ ಆರಂಭವಾಯಿತು. ‘ಇಂಡೇನ್’ ಅನಿಲದ ಮೊದಲ ಸಂಪರ್ಕವನ್ನು 1965ರಲ್ಲಿ ಕೋಲ್ಕತ್ತದಲ್ಲಿ ಕೊಡಲಾಯಿತು. ಬಹಳ ಕಾಲ ಅದು ನಗರದ ಅನುಕೂಲಸ್ಥರ ಸೊತ್ತಾಗಿತ್ತು. ಗ್ಯಾಸ್ ಸಂಪರ್ಕಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾದವರು ಇನ್ನೂ ಇದ್ದಾರೆ. 2016ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲಾ ಯೋಜನೆಯ ನಂತರ ಹಳ್ಳಿಯ ಬಡ ಮನೆಗಳಿಗೂ, ಅದೂ ಮನೆಯಾಕೆಯ ಹೆಸರಿನಲ್ಲಿ, ಸಿಲಿಂಡರ್ ಬಂದಿತು. ಒಲೆ ಹೊಸದಾಯಿತು. ಆದರೆ ಅದನ್ನು ಮುಟ್ಟುವ ಕೈಯ ರೂಢಿ ಹಳೆಯದೇ ಆಗಿ ಉಳಿಯಿತು.

ಅಡುಗೆ ಅನಿಲದ ಗುಣವೇ ಬೇರೆ. ಇದು ಪ್ರೋಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಒತ್ತಡ ಹಾಕಿದಾಗ ದ್ರವವಾಗಿ ಸಿಲಿಂಡರಿನಲ್ಲಿ ಕೂರುತ್ತದೆ. ಒತ್ತಡ ಬಿಟ್ಟರೆ ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗಿ ಹರಡುತ್ತದೆ. ಅದು ಗಾಳಿಗಿಂತ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಪಟ್ಟು ಭಾರ. ಆದ್ದರಿಂದ ಮೇಲೇರಿ ಕಿಟಕಿಯಿಂದ ಹೋಗುವ ಬದಲು ನೀರಿನಂತೆ ನೆಲಕ್ಕಿಳಿದು ಮೂಲೆ ಸೇರುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೆ ಒಂದು ಕಿಡಿ ಸಾಕು. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಅಡುಗೆಮನೆಯಲ್ಲಿ ಸುಮಾರು 20 ಸಾವಿರ ಲೀಟರ್ ಗಾಳಿ ಇರುತ್ತದೆ. ಅದರ ಶೇಕಡಾ 2 ಎಂದರೆ 400 ಲೀಟರ್ ಅನಿಲ. ತೂಕದಲ್ಲಿ ಒಂದು ಕಿಲೋಗಿಂತ ಕಡಿಮೆ. ಮನೆಯ ಸಿಲಿಂಡರಿನಲ್ಲಿರುವುದು 14.2 ಕಿಲೋ. ಅನಿಲ ನೆಲಮಟ್ಟದಲ್ಲೇ ಮಡುಗಟ್ಟುವುದರಿಂದ ಅಪಾಯಕ್ಕೆ ಅಷ್ಟೂ ಬೇಕಾಗಲಾರದು.

ಇಷ್ಟಾಗಿ ಅದಕ್ಕೆ ಸ್ವಂತ ವಾಸನೆಯಿಲ್ಲ, ಬಣ್ಣವೂ ಇಲ್ಲ. ಸೋರಿದಾಗ ಮೂಗಿಗೆ ಬಡಿಯುವ ಕೊಳೆತ ಎಲೆಕೋಸಿನಂಥ ನಾತ ಈಥೈಲ್ ಮರ್ಕಾಪ್ಟನ್ ಎಂಬ ರಾಸಾಯನಿಕದ್ದು. ಬೇಕೆಂದೇ ಬೆರೆಸಿದ್ದು. ಇಂಧನ ಅನಿಲಕ್ಕೆ ವಾಸನೆ ಬೆರೆಸುವುದನ್ನು ಕಾನೂನೇ ಕಡ್ಡಾಯ ಮಾಡಿದ್ದರ ಹಿಂದೆ ಅಮೆರಿಕದ ಟೆಕ್ಸಾಸ್ ರಾಜ್ಯದ ಒಂದು ಶಾಲೆಯ ದುರಂತವಿದೆ. ಅದು ಇಂದಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು.

ನ್ಯೂ ಲಂಡನ್ ಎಂಬ ಆ ಊರು ಎಣ್ಣೆ ಬಾವಿಗಳಿಂದ ಹಣ ಕಂಡಿತ್ತು. ಆದರೂ 1937ರ ಆರಂಭದಲ್ಲಿ ಶಾಲಾ ಮಂಡಳಿ ಖರ್ಚು ಉಳಿಸಲು ಅನಿಲ ಸರಬರಾಜಿನ ಒಪ್ಪಂದವನ್ನು ರದ್ದುಮಾಡಿ, ಹತ್ತಿರದಲ್ಲೇ ಹಾದುಹೋಗುತ್ತಿದ್ದ ಎಣ್ಣೆ ಕಂಪನಿಯ ವ್ಯರ್ಥ ಅನಿಲದ ಕೊಳವೆಗೆ ಶಾಲೆಯಿಂದ ಜೋಡಣೆ ಕೊಡಿಸಿತು. ಕಂಪನಿಗಳು ಹೇಗೂ ಸುಟ್ಟುಬಿಡುತ್ತಿದ್ದ ಅನಿಲ ಅದು. ಸುತ್ತಲಿನ ಅನೇಕರು ಹಾಗೆಯೇ ಮಾಡಿಕೊಂಡಿದ್ದರು. ಎಲ್ಲೋ ಸೋರಿದ ಅನಿಲ ಕಟ್ಟಡದ ನೆಲದಡಿಯ ಜಾಗದಲ್ಲಿ ತುಂಬಿಕೊಂಡಿತು. ವಾಸನೆ ಇಲ್ಲದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಮಾರ್ಚ್ 18ರ ಮಧ್ಯಾಹ್ನ ಮರಗೆಲಸದ ವಿದ್ಯುತ್ ಯಂತ್ರವೊಂದನ್ನು ಚಾಲೂ ಮಾಡಿದಾಗ ಹಾರಿದ ಕಿಡಿಗೆ ಇಡೀ ಶಾಲೆ ಎದ್ದು ಬಿತ್ತು. ಸತ್ತವರು ಸುಮಾರು 300 ಮಂದಿ, ಬಹುತೇಕ ಮಕ್ಕಳು. ಕೆಲವೇ ವಾರಗಳಲ್ಲಿ ಟೆಕ್ಸಾಸ್ ಅನಿಲಕ್ಕೆ ವಾಸನೆ ಬೆರೆಸುವ ಕಾನೂನು ಮಾಡಿತು. ಅದೇ ವರ್ಷ ಇಂಜಿನಿಯರುಗಳು ನೋಂದಣಿ ಮಾಡಿಸಿಕೊಳ್ಳಬೇಕೆಂಬ ಕಾನೂನೂ ಬಂತು. ಒಂದೇ ದುರಂತದಿಂದ ಮನುಷ್ಯನ ಮೂಗಿಗೆ ಒಂದು ಎಚ್ಚರಿಕೆ ಸಿಕ್ಕಿತು, ಕಸುಬಿನವನ ಹೆಗಲಿಗೆ ಒಂದು ಹೊಣೆ ಬಿತ್ತು.

ಇನ್ನೊಂದು ಘಟನೆ ಇಂಗ್ಲೆಂಡಿನದು. 1968ರ ಮೇ 16ರ ಬೆಳಗಿನ ಜಾವ, ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಹೊಸ ಕಟ್ಟಡದ 18ನೆಯ ಮಹಡಿಯಲ್ಲಿ ಮಹಿಳೆಯೊಬ್ಬರು ಚಹಾ ಕಾಸಲೆಂದು ಬೆಂಕಿಕಡ್ಡಿ ಗೀರಿದರು. ಸ್ಫೋಟದಿಂದ ಗೋಡೆ ಹೊರಗೆ ಹಾರಿ, ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೆ ಇಸ್ಪೀಟೆಲೆಯ ಮನೆಯಂತೆ ಕುಸಿಯಿತು. ನಾಲ್ವರು ಸತ್ತರು. ತನಿಖೆಯಲ್ಲಿ ಸಿಕ್ಕಿದ ಕಾರಣ, ಒಲೆಯನ್ನು ಅನಿಲದ ಕೊಳವೆಗೆ ಜೋಡಿಸಿದ್ದ ಕಳಪೆ ಹಿತ್ತಾಳೆ ನಟ್ಟು. ಕಡ್ಡಿ ಗೀರಿದ ಮಹಿಳೆ ಬದುಕಿ ಉಳಿದರು. ಒಲೆಯೂ ಉಳಿಯಿತು. ಅದನ್ನು ಅವರು ಹೊಸ ಮನೆಗೂ ಒಯ್ದರು. ಒಲೆ ಕೆಟ್ಟಿರಲಿಲ್ಲ, ಜೋಡಣೆ ಕೆಟ್ಟಿತ್ತು. ಇದಾದ ಮೇಲೆ 1970ರಲ್ಲಿ ಬ್ರಿಟನ್ನಿನಲ್ಲಿ ಗ್ಯಾಸ್ ಕೆಲಸದವರ ನೋಂದಣಿಗೆ ಒಂದು ಸಂಸ್ಥೆ ಹುಟ್ಟಿತು. 1991ರಿಂದ ನೋಂದಣಿ ಕಡ್ಡಾಯವಾಯಿತು. 2009ರಿಂದ ಆ ಕೆಲಸ ‘ಗ್ಯಾಸ್ ಸೇಫ್ ರಿಜಿಸ್ಟರ್’ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಈ ಎರಡು ಕಥೆಗಳಿಂದ ಒಂದು ಗೆರೆ ಎಳೆಯಬಹುದು. ಅನಿಲ ಉರಿಯುವ ಜಾಗ ಒಂದು, ಅನಿಲವನ್ನು ಹಿಡಿದಿಟ್ಟಿರುವ ಜಾಗ ಇನ್ನೊಂದು. ಬರ್ನರ್, ಅದರ ತಲೆ, ಪಾತ್ರೆ ಇಡುವ ಕಂಬಿ, ಕೆಳಗಿನ ತಟ್ಟೆ, ಇವು ಉರಿಯುವ ಜಾಗ. ಇಲ್ಲಿಯ ದೋಷ ಕಣ್ಣಿಗೆ ಕಾಣುತ್ತದೆ, ಸರಿಯಾದದ್ದೂ ಕಾಣುತ್ತದೆ. ಇದು ಮನೆಯವರ ಕೈಗೆ ಸೇರಿದ್ದು. ಸಿಲಿಂಡರಿನ ವಾಲ್ವ್, ರೆಗ್ಯುಲೇಟರ್, ರಬ್ಬರ್ ಟ್ಯೂಬ್, ಒಲೆಯೊಳಗಿನ ಕೊಳವೆ, ನಾಬಿನ ಹಿಂದಿರುವ ತಿರುಗಣೆ, ಇವು ಅನಿಲವನ್ನು ಹಿಡಿದಿಟ್ಟಿರುವ ಜಾಗ. ಇಲ್ಲಿಯ ತಪ್ಪು ಮಾಡಿದ ಕೂಡಲೇ ಕಾಣುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೆಲ್ಲಗೆ ಕೆಲಸ ಮಾಡುತ್ತದೆ. ಇದು ಕಸುಬಿನವನಿಗೆ ಸೇರಿದ್ದು. ಕೈಯಲ್ಲಿ ಎಷ್ಟು ಜಾಣತನವಿದೆ ಎಂಬುದಕ್ಕಿಂತ, ತಪ್ಪಾದರೆ ಅದು ಕಾಣುತ್ತದೆಯೇ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಈಗ ಆ ಸಂಜೆಯ ಮನೆಗೆ ಮರಳಿದರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ಹಳದಿ ಉರಿಗೆ ಬಹಳ ಸಲ ಕಾರಣ, ಉಕ್ಕಿದ ಹಾಲು, ಸಾರು, ಅನ್ನದ ಗಂಜಿ ಬರ್ನರಿನ ತೂತುಗಳಲ್ಲಿ ಕಟ್ಟಿಕೊಂಡಿರುವುದು. ರೆಗ್ಯುಲೇಟರ್ ಆರಿಸಿ, ಒಲೆ ತಣ್ಣಗಾದ ಮೇಲೆ ಬರ್ನರಿನ ತಲೆಯನ್ನು ಎತ್ತಿ ಬಿಸಿ ಸೋಪಿನ ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ಒಣಗಿಸಿ ಇಟ್ಟರೆ ನೀಲಿ ಉರಿ ಬರುತ್ತದೆ. ಇದಕ್ಕೆ ಮೆಕ್ಯಾನಿಕ್ಕನನ್ನು ಕರೆದು ಹಣ ಕೊಡಬೇಕಾಗಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ.

ಆದರೆ ಹಳೆಯ ರೂಢಿಯ ಕೈ ಅಷ್ಟಕ್ಕೆ ನಿಲ್ಲುವುದಿಲ್ಲ. ಬರ್ನರಿನ ಬುಡದಲ್ಲಿ ಜೆಟ್ ಎಂಬ ಪುಟ್ಟ ಹಿತ್ತಾಳೆಯ ಮೂತಿ ಇದೆ. ಅದನ್ನು ಕಂಡ ಕೂಡಲೇ ಸ್ಟೌವ್ ಪಿನ್ನಿನ ನೆನಪಾಗಿ, ಹೊಲಿಗೆ ಸೂಜಿಯನ್ನೋ ಪಿನ್ನನ್ನೋ ತೂರಿಸುವವರಿದ್ದಾರೆ. ಸೀಮೆಎಣ್ಣೆ ಸ್ಟೌವಿನ ಪಿನ್ನು ಅದರ ನಿಪ್ಪಲ್ಲಿನ ಅಳತೆಗೇ ತಯಾರಾದದ್ದು. ಜೆಟ್ಟಿನ ತೂತು ಬೇರೆ ಅಳತೆಯದು. ಎಷ್ಟು ಅನಿಲ ಹೊರಬರಬೇಕು, ಅದಕ್ಕೆ ಎಷ್ಟು ಗಾಳಿ ಸೇರಬೇಕು ಎಂಬ ಲೆಕ್ಕವೆಲ್ಲ ಆ ತೂತಿನಲ್ಲಿದೆ. ಸೂಜಿ ಅದನ್ನು ಕೂದಲೆಳೆಯಷ್ಟು ಅಗಲಿಸಿದರೂ ಅನಿಲ ಹೆಚ್ಚಾಗಿ, ಗಾಳಿ ಸಾಲದೆ, ಉರಿ ಮತ್ತಷ್ಟು ಹಳದಿಯಾಗುತ್ತದೆ. ಬೆಂಗಳೂರಿನ ಕೆಲವು ಬಡಾವಣೆಗಳಿಗೆ ಈಗ ಕೊಳವೆಯಲ್ಲಿ ನೈಸರ್ಗಿಕ ಅನಿಲ ಬರುತ್ತಿದೆ. ಅದು ಮೀಥೇನ್, ಗಾಳಿಗಿಂತ ಹಗುರ. ಅದೇ ಒಲೆಗೆ ದೊಡ್ಡ ತೂತಿನ ಬೇರೆ ಜೆಟ್ ಬೇಕು. ಮನೆಯಲ್ಲೇ ಕೊರೆದು ದೊಡ್ಡದು ಮಾಡಿಕೊಳ್ಳುವ ಕೆಲಸವಲ್ಲ ಇದು.

ತಿರುಗದ ನಾಬಿನ ಕಥೆಯೂ ಹಾಗೆಯೇ. ನಾಬಿನ ಹಿಂದೆ ಶಂಕುವಿನಾಕಾರದ ಹಿತ್ತಾಳೆಯ ತುಂಡೊಂದು ಅದೇ ಆಕಾರದ ಗೂಡಿನಲ್ಲಿ ಕೂತು ತಿರುಗುತ್ತದೆ. ಎರಡರ ನಡುವೆ ಅನಿಲ ಸೋರದಂತೆ ತಡೆಯುವುದು ಶಾಖ ತಾಳುವ ಗ್ರೀಸಿನ ತೆಳ್ಳನೆಯ ಪದರ. ಗ್ರೀಸ್ ಒಣಗಿದಾಗ ನಾಬ್ ಬಿಗಿಯಾಗುತ್ತದೆ. ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಹಾಕಿದರೆ ಮುಗಿಯಿತು ಎಂದು ಕಾಣುವುದು ಸಹಜ. ಮೆಕ್ಯಾನಿಕ್ಕನೂ ಮಾಡುವುದು ಅದನ್ನೇ. ಆದರೆ ಸ್ಕ್ರೂ ಡ್ರೈವರಿನ ಒಂದು ಗೀರು, ಕೊಬ್ಬರಿ ಎಣ್ಣೆಯೋ ಸೈಕಲ್ಲಿನ ಗ್ರೀಸೋ ಹಚ್ಚಿದ ತಪ್ಪು ಸಾಕು, ಆ ಪದರ ಒಡೆದು ಅನಿಲಕ್ಕೆ ದಾರಿಯಾಗುತ್ತದೆ. ನಾಬ್ ಮಾತ್ರ ಬೆಣ್ಣೆಯಂತೆ ತಿರುಗುತ್ತಿರುತ್ತದೆ!

ಇದಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಬಚ್ಚಲುಮನೆಯ ಗ್ಯಾಸ್ ಗೀಸರಿನ ವಿಷಯದಲ್ಲಿ. ಸೋರಿದ ಅನಿಲವನ್ನು ಮೂಗು ಹಿಡಿಯುತ್ತದೆ. ಆದರೆ ಅನಿಲ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೆರೆಸಿದ ನಾತ ಉರಿಯಲ್ಲೇ ಸುಟ್ಟುಹೋಗಿರುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಸ್ನಾನಕ್ಕೆ ಹೋದವರು ತಲೆಸುತ್ತಿ ಬಿದ್ದು, ಬಾಗಿಲು ತೆರೆಯಲಾಗದೆ ಸತ್ತ ಸುದ್ದಿಗಳು ಬೆಂಗಳೂರಿನಿಂದ ಮತ್ತೆ ಮತ್ತೆ ಬಂದಿವೆ. ಗೀಸರಿನ ಉರಿ ಹಳದಿಯಾದರೆ, ಸುತ್ತ ಮಸಿ ಕಂಡರೆ ಬಳಸುವುದನ್ನು ಅಂದೇ ನಿಲ್ಲಿಸಬೇಕು. ಬಿಚ್ಚುವ ಕೆಲಸ ಮನೆಯವರದಲ್ಲ. ರಿಪೇರಿಯಾದ ಮೇಲೂ ಗೀಸರ್ ಇರುವ ಜಾಗಕ್ಕೆ ಧಾರಾಳ ಗಾಳಿ ಇಲ್ಲದಿದ್ದರೆ ಅದನ್ನು ಅಲ್ಲಿಂದ ಹೊರಗೆ ಸಾಗಿಸುವುದೇ ಸರಿ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಕಸುಬಿನವನೆಂದು ಬರುವವರೆಲ್ಲ ಬಲ್ಲವರೇ? ಕಂಪನಿಯಿಂದ ತಪಾಸಣೆಗೆ ಬಂದಿದ್ದೇವೆ ಎಂದು ಹೇಳಿ, ಚೆನ್ನಾಗಿದ್ದ ಟ್ಯೂಬ್ ಕಿತ್ತು, ಇನ್ನೊಂದನ್ನು ದುಬಾರಿ ಬೆಲೆಗೆ ತಗುಲಿಸಿ ಹೋಗುವವರು ಊರೂರಿನಲ್ಲಿ ಇದ್ದಾರೆ. ಹಳ್ಳಿಯ ಮನೆಗೆ ಮೆಕ್ಯಾನಿಕ್ ಬರಲು ಒಂದು ವಾರವಾಗಬಹುದು. ದಿನದ ಕೂಲಿಯಲ್ಲಿ ಬದುಕುವವರಿಗೆ ಅವನ ಸಂಬಳ ಹಗುರವೂ ಅಲ್ಲ. ಹಾಗಾದರೆ ಹಣ ಕೊಟ್ಟು ಪಡೆಯುವುದಾದರೂ ಏನನ್ನು?

ಪಡೆಯಬೇಕಾದದ್ದು ಎರಡನ್ನು, ಪರೀಕ್ಷೆ ಮತ್ತು ಹೊಣೆ. ಆದ್ದರಿಂದ ಬಾಗಿಲಿಗೆ ಬಂದವನನ್ನು ಒಳಗೆ ಬಿಡುವ ಮೊದಲು ಗುರುತಿನ ಚೀಟಿ ನೋಡಿ, ಏಜೆನ್ಸಿಗೆ ಫೋನ್ ಮಾಡಿ ಕೇಳುವುದರಲ್ಲಿ ಸಂಕೋಚ ಬೇಡ. ಹಾಕುವ ಬಿಡಿಭಾಗದ ಮೇಲೆ ಐಎಸ್‌ಐ ಗುರುತು ಇರಬೇಕು, ರಸೀತಿ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸ ಮುಗಿದ ಮೇಲೆ ಮನೆಯವರ ಎದುರಿನಲ್ಲೇ ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ತೋರಿಸಬೇಕು. ಕಡ್ಡಿ ಗೀರಿ ಪರೀಕ್ಷಿಸುವವನನ್ನು ಅಲ್ಲಿಂದಲೇ ಕಳುಹಿಸಿಬಿಡಬೇಕು. ನೊರೆಯ ಪರೀಕ್ಷೆಗೆ ಓದು ಬೇಕಿಲ್ಲ, ಖರ್ಚೂ ಇಲ್ಲ. ಮನೆಯವರೂ ಆಗಾಗ ಅದನ್ನು ಮಾಡಬಹುದು. ಟ್ಯೂಬಿನಲ್ಲಿ ಬಿರುಕು ಇದೆಯೇ, ಅದರ ಐದು ವರ್ಷದ ಅವಧಿ ಮುಗಿದಿದೆಯೇ ಎಂದು ನೋಡುವುದೂ ಅವರ ಕೆಲಸವೇ. ಸಿಲಿಂಡರ್ ಬಂದಾಗ ಅದರ ಕೊರಳ ಬಳಿ ಬರೆದ ಅಕ್ಷರ ಮತ್ತು ಅಂಕಿಯನ್ನು ಓದಬೇಕು. ಎ ಎಂದರೆ ಮಾರ್ಚ್, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್ ಕೊನೆ. ಪಕ್ಕದ ಅಂಕಿ ಇಸವಿ. ಅಷ್ಟರೊಳಗೆ ಆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕು. ಅವಧಿ ಮುಗಿದಿದ್ದರೆ ಹಿಂದಿರುಗಿಸಬೇಕು. ಹೀಗೆ ನೋಡಿದರೆ ಮನೆಯವರು ಸುಮ್ಮನೆ ಕೈಕಟ್ಟಿ ಕೂರುವ ಪ್ರಶ್ನೆಯೇ ಇಲ್ಲ. ಬಿಚ್ಚುವ ಹಕ್ಕು ಬಿಟ್ಟರೂ ನೋಡುವ ಹಕ್ಕನ್ನು ಬಿಡಬೇಕಾಗಿಲ್ಲ.

ನಾತ ಬಂದಾಗ ಮಾತ್ರ ಇಷ್ಟು ವಿಚಾರಕ್ಕೆ ಹೊತ್ತಿಲ್ಲ. ಒಲೆ, ದೇವರ ದೀಪ ಎಲ್ಲವನ್ನೂ ನಂದಿಸಬೇಕು. ರೆಗ್ಯುಲೇಟರ್ ಆರಿಸಿ ತೆಗೆದು, ಸಿಲಿಂಡರಿನ ಬಾಯಿಗೆ ದಾರ ಕಟ್ಟಿದ ಮುಚ್ಚಳ ಹಾಕಬೇಕು. ಬಾಗಿಲು ಕಿಟಕಿ ತೆರೆಯಬೇಕು. ಲೈಟು, ಫ್ಯಾನುಗಳ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ಎರಡರಲ್ಲೂ ಕಿಡಿ ಇದೆ. ಮಕ್ಕಳು ಮುದುಕರೊಡನೆ ಮನೆಯಿಂದ ಹೊರಗೆ ಬಂದು, ಅಲ್ಲಿಂದ 1906ಕ್ಕೆ ಫೋನ್ ಮಾಡಬೇಕು. ಗ್ಯಾಸ್ ಸೋರಿಕೆಗೆಂದೇ 2016ರಿಂದ ಇರುವ ಸಂಖ್ಯೆ ಅದು.

ಅಜ್ಜಿಯ ಕಾಲದಲ್ಲಿ ಒಲೆ ಕೆಟ್ಟರೆ ಯಾರನ್ನೂ ಕರೆಯುತ್ತಿರಲಿಲ್ಲ ಎಂಬುದು ನಿಜ. ಅಂದಿನ ಒಲೆ ತನ್ನ ರೋಗವನ್ನು ತಾನೇ ಹೇಳಿಕೊಳ್ಳುತ್ತಿತ್ತು. ಇಂದಿನ ಒಲೆ ಅರ್ಧವನ್ನು ಹೇಳುತ್ತದೆ, ಅರ್ಧವನ್ನು ಮುಚ್ಚಿಡುತ್ತದೆ. ಹೇಳಿದ ಅರ್ಧಕ್ಕೆ ಯಜಮಾನರು ಹಲ್ಲುಜ್ಜುವ ಬ್ರಷ್ ಹಿಡಿದು ಕೂರಲಿ. ಮುಚ್ಚಿಟ್ಟ ಅರ್ಧಕ್ಕೆ ಮನೆಯಾಕೆ ಹೇಳಿದಂತೆ ನಾಳೆ ಏಜೆನ್ಸಿಗೆ ಫೋನ್ ಹೋಗಲಿ. ಮೆಕ್ಯಾನಿಕ್ ಬಂದು ಕೆಲಸ ಮುಗಿಸಿ ಹೊರಡುವಾಗ ಸೋಪಿನ ನೊರೆಯ ಬಟ್ಟಲು ಹಿಡಿದು ‘ಇದನ್ನೂ ಹಚ್ಚಿ ತೋರಿಸಪ್ಪ’ ಎನ್ನುವ ಕೆಲಸವನ್ನು ಅಜ್ಜಿಗೇ ಬಿಡಬಹುದು. ಒಲೆಯ ಮುಂದೆ ಅವರಷ್ಟು ವರ್ಷ ಕೂತವರು ಆ ಮನೆಯಲ್ಲಿ ಬೇರೆ ಯಾರಿದ್ದಾರೆ?